ರಾಮನಗರ ಪರಿಸರದ ಕಾಡುಮರಗಳ ಆಹಾರ–ಔಷಧ ಬಳಕೆ: ಒಂದು ಚಾರಿತ್ರಿಕ ಅವಲೋಕನ

ಪ್ರಸ್ತಾವನೆ

ಕರ್ನಾಟಕದ ಅರಣ್ಯ ಚರಿತ್ರೆಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ತೇಗ, ಬೀಟೆ, ಶ್ರೀಗಂಧಗಳ ಸುತ್ತ ಬೆಳೆದಿವೆ. ಮಲೆನಾಡಿನ ದಟ್ಟಡವಿಗಳಿಗೆ ದೊರೆತ ಗಮನ ಬಯಲುಸೀಮೆಯ ಒಣ ಕಾಡುಗಳಿಗೆ ದೊರೆತಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಗುಡ್ಡಕಾಡು ಇಂತಹ ಅಲಕ್ಷಿತ ಪ್ರದೇಶ. ಈ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು 2025ರಲ್ಲಿ ರಾಜ್ಯ ಸಚಿವ ಸಂಪುಟ ಅಂಗೀಕರಿಸಿತು. ಇಲ್ಲಿನ ಜನ ಕಾಡಿನ ಮರ, ಬಳ್ಳಿ, ಬೇರುಗಳನ್ನು ಆಹಾರಕ್ಕೂ ಪಾನೀಯಕ್ಕೂ ಮನೆಮದ್ದಿಗೂ ಬಳಸಿಕೊಂಡು ಬಂದ ಕ್ರಮವನ್ನು, ಆ ಬಳಕೆಗೆ ಕಾಲಕಾಲಕ್ಕೆ ಒದಗಿದ ಅವಕಾಶ ಹಾಗೂ ನಿರ್ಬಂಧಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಲಿಖಿತ ದಾಖಲೆಗಳಲ್ಲಿ ಕಾಣುವ ಮರ ಒಂದು, ಮನೆಯ ಬಳಕೆಯಲ್ಲಿ ಉಳಿದ ಮರ ಇನ್ನೊಂದು. ಇವೆರಡರ ನಡುವಿನ ಅಂತರವೇ ಈ ಸೀಮೆಯ ಅರಣ್ಯ ಚರಿತ್ರೆಯ ತಿರುಳು ಎಂಬುದು ಇಲ್ಲಿನ ಪ್ರತಿಪಾದನೆ.

ಭೂಪರಿಸರ ಮತ್ತು ಸಸ್ಯಸಂಪತ್ತು

ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಶಿಲಾಶ್ರೇಣಿ ಈ ಪ್ರದೇಶವನ್ನು ಹಾದುಹೋಗಿದೆ. ಸುಮಾರು 1226 ಮೀಟರ್ ಎತ್ತರದ ಸಾವನದುರ್ಗ, ರಾಮದೇವರಬೆಟ್ಟ, ಕಬ್ಬಾಳುದುರ್ಗ ಮೊದಲಾದ ಬಂಡೆಬೆಟ್ಟಗಳೂ, ಅವುಗಳ ಬುಡದ ಹಂದಿಗುಂದಿ, ತೆಂಗಿನಕಲ್ಲು ಕಾಡುಗಳೂ, ದಕ್ಷಿಣದಲ್ಲಿ ಅರ್ಕಾವತಿ–ಕಾವೇರಿ ಸಂಗಮದತ್ತ ಇಳಿಯುವ ಕನಕಪುರದ ಕಾಡುಗಳೂ ಎಲೆಯುದುರುವ ಒಣ ಅರಣ್ಯ ಹಾಗೂ ಕುರುಚಲು ಕಾಡಿನ ವರ್ಗಕ್ಕೆ ಸೇರಿದವು. ಹೊನ್ನೆ, ಮತ್ತಿ, ದಿಂಡಿಗ, ಜಾಲಾರಿ, ತಾರೆ, ಅಳಲೆ, ನೆಲ್ಲಿ, ಮುರ್ಕಲು, ತೂಪ್ರ, ಹಾಲೆ, ಮುತ್ತುಗ, ಬೇಲ, ಹುಣಸೆ ಇಲ್ಲಿನ ಪ್ರಮುಖ ವೃಕ್ಷಗಳು. ತಂಗಡಿ, ಕಾರೆ, ಸೀಗೆಗಳು ಪೊದೆಗಾಡಿನಲ್ಲಿ ಹೇರಳ.

ನಮ್ಮ ಮನೆಮದ್ದಿನ ಸಾಮಗ್ರಿಗೆ ಎರಡು ಮೂಲಗಳಿರುವುದನ್ನು ಇಲ್ಲಿಯೇ ಸ್ಪಷ್ಟಪಡಿಸಿಕೊಳ್ಳಬೇಕು. ಮೊದಲನೆಯದು ಪೇಟೆಯ ಗ್ರಂಧಿಗೆ ಅಂಗಡಿ. ಆಯುರ್ವೇದ ಗ್ರಂಥಗಳಲ್ಲಿ ಬರುವ ಸರಳ, ದೇವದಾರುಗಳಂತಹ ಸೂಚಿಪರ್ಣಿ ವೃಕ್ಷಗಳು ಹಿಮಾಲಯದವು. ಪೈನ್ ಜಾತಿಯ ಮರಗಳು ದಕ್ಷಿಣದ ಪ್ರಸ್ಥಭೂಮಿಯಲ್ಲಿ ಸಹಜವಾಗಿ ಬೆಳೆಯುವುದಿಲ್ಲ. ಹೀಗಾಗಿ ಉತ್ತರದ ಗುಡ್ಡಗಾಡಿನವರು ಪೈನ್ ಮರದ ಅಂಟು, ಬೀಜಗಳಿಂದ ಪಡೆದ ಉಪಯೋಗ ಇಲ್ಲಿಗೆ ಒಣಗಿದ ಚಕ್ಕೆ ಹಾಗೂ ರಾಳದ ರೂಪದಲ್ಲಿ, ಹಣ ಕೊಟ್ಟು ಕೊಳ್ಳುವ ಸರಕಾಗಿಯೇ ತಲುಪಿತು. ಎರಡನೆಯ ಮೂಲ ಊರ ಹಿಂದಿನ ಗುಡ್ಡ. ಅಲ್ಲಿನ ಸಾಮಗ್ರಿಗೆ ಬೆಲೆಯಿರಲಿಲ್ಲ. ಹೋಗಿ ತರುವ ಅವಕಾಶವಿದ್ದರೆ ಸಾಕಿತ್ತು. ಈ ಲೇಖನಕ್ಕೆ ಸಂಬಂಧಿಸಿದ್ದು ಈ ಎರಡನೆಯ ಮೂಲ.

ಪ್ರವಾಸಿಗನ ಲೇಖನಿಯಲ್ಲಿ ಕಾಡು

1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೇನೆ ಸಾವನದುರ್ಗವನ್ನು ವಶಪಡಿಸಿಕೊಂಡ ಸಂದರ್ಭದ ಬರಹಗಳಲ್ಲಿ ಈ ಕಾಡು ಶತ್ರುವಿನ ರಕ್ಷಣೆಯ ಗೋಡೆಯಾಗಿ, ರೋಗದ ನೆಲೆಯಾಗಿ ಚಿತ್ರಿತವಾಗಿದೆ. ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್‌ನ ದೃಷ್ಟಿ ಭಿನ್ನವಾಗಿತ್ತು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಅವನ ಪ್ರವಾಸಕಥನದಲ್ಲಿ ಮಾಗಡಿಯ ಸುತ್ತಿನ ಕಾಡಿನ ಮರಗಳು ಸ್ಥಳೀಯ ಹೆಸರುಗಳೊಡನೆ ದಾಖಲಾಗಿವೆ. ಜಾಲ ಅಥವಾ ಜಾಲಾರಿ ಮರದ ಮೇಲೆ ಅರಗಿನ ಹುಳು ಬೆಳೆಯುವ ವಿಷಯವನ್ನೂ ಅವನು ಗಮನಿಸಿದ್ದಾನೆ. ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಅವನ ಗೌರವಾರ್ಥವಾಗಿ ಮುರ್ಕಲು ಮರದ ಕುಲಕ್ಕೆ ಬುಕನೇನಿಯಾ ಎಂಬ ಹೆಸರು ಬಂದಿರುವುದು ಉಲ್ಲೇಖನೀಯ. ಕಾಡಿನ ದಾರಿಯಲ್ಲಿ ಮಕ್ಕಳು ಹಣ್ಣನ್ನು ತಿಂದು, ಬೀಜ ಒಡೆದು ತಿರುಳನ್ನು ಸವಿಯುವ ಮರವೊಂದು ಹೀಗೆ ಪಾಶ್ಚಾತ್ಯ ವರ್ಗೀಕರಣದೊಳಗೆ ಪ್ರವಾಸಿಗನ ಹೆಸರನ್ನು ಹೊತ್ತುಕೊಂಡಿತು.

ಬುಕನನ್‌ನ ಕೆಲಸ ಅಮೂಲ್ಯವಾದುದೇ. ಆದರೆ ಅವನಿಗೆ ವಹಿಸಲಾಗಿದ್ದುದು ಕಂಪನಿಗೆ ಪ್ರಯೋಜನವಾಗಬಲ್ಲ ಉತ್ಪನ್ನಗಳ ಶೋಧ. ಮರ ಮುಟ್ಟಿಗೆ ಆಗುವುದೇ, ಬಣ್ಣ ಕೊಡುವುದೇ, ಅರಗು ಕೊಡುವುದೇ ಎಂಬ ಪ್ರಶ್ನೆಗಳು ಮುಂದೆ ನಿಂತವು. ಅಡುಗೆಮನೆಯಲ್ಲಿ ಅದು ಏನಾಗುತ್ತದೆ ಎಂಬುದು ಹಿಂದೆ ಸರಿಯಿತು. ನಂತರದ ಗೆಜೆಟಿಯರುಗಳೂ ಅರಣ್ಯ ವರದಿಗಳೂ ಇದೇ ಜಾಡಿನಲ್ಲಿ ಸಾಗಿದವು.

ಮನೆಯ ಬಳಕೆಯಲ್ಲಿ ಮರ

ಲಿಖಿತ ದಾಖಲೆ ಮೌನವಾಗಿರುವಲ್ಲಿ ಸ್ಥಳನಾಮ ಮತ್ತು ಬಳಕೆಯ ಪರಂಪರೆ ಇತಿಹಾಸಕಾರನಿಗೆ ಆಧಾರವಾಗುತ್ತವೆ. ಚನ್ನಪಟ್ಟಣ ತಾಲ್ಲೂಕಿನ ಬೇವೂರು, ಕನಕಪುರ ತಾಲ್ಲೂಕಿನ ಹುಣಸನಹಳ್ಳಿ ಇಂತಹ ಹೆಸರುಗಳು. ಈ ಸೀಮೆಯ ಅಸಂಖ್ಯ ಗ್ರಾಮಗಳ ಹೆಸರು ‘ದೊಡ್ಡಿ’ ಎಂದು ಕೊನೆಗೊಳ್ಳುವುದು ಮತ್ತೊಂದು ಸೂಚನೆ. ದೊಡ್ಡಿ ಎಂದರೆ ದನಗಳನ್ನು ಕೂಡುವ ತಾವು. ಕಾಡಿನ ಅಂಚಿನಲ್ಲಿ ದನ ಮೇಯಿಸುತ್ತ ನೆಲೆನಿಂತ ಜನರಿಗೆ ಕಾಡು ದಿನನಿತ್ಯ ಓಡಾಡುವ ಹಿತ್ತಿಲಾಗಿತ್ತು. ಸಂಗ್ರಹಣೆ ಎಂಬುದು ಪ್ರತ್ಯೇಕ ಕಸುಬಾಗಿರದೆ ದನ ಕಾಯುವ, ಸೌದೆ ತರುವ ಕೆಲಸದ ಜೊತೆಯಲ್ಲಿಯೇ ನಡೆಯುತ್ತಿತ್ತು.

ಆಹಾರದಲ್ಲಿ ಹುಣಸೆಗೆ ಅಗ್ರಸ್ಥಾನ. ಅದರ ಚಿಗುರು, ಹೂವು, ಕಾಯಿ, ಹಣ್ಣು, ಬೀಜ ಎಲ್ಲವೂ ಬಳಕೆಯಾಗುತ್ತವೆ. ರಾಗಿ ಮುದ್ದೆಯ ಜೊತೆಗಿನ ಸಾರಿಗೆ ಬೇಸಿಗೆಯ ಕೊನೆಯಲ್ಲಿ ಹುಣಸೆ ಚಿಗುರು, ಸೀಗೆ ಚಿಗುರು ಹುಳಿಯಾಗಿ ಸೇರುತ್ತವೆ. ಕಾರೆ, ತೂಪ್ರ, ಎಲಚಿ, ನೇರಳೆ ಹಣ್ಣುಗಳು ದನಗಾಹಿಗಳ ಹಗಲಿನ ಆಹಾರ. ಮುತ್ತುಗದ ಎಲೆ ಊಟದ ಎಲೆಯಾಯಿತು. ಪಾನೀಯಗಳಲ್ಲಿ ಬೇಲದ ಹಣ್ಣಿನ ಪಾನಕ ರಾಮನವಮಿಯೊಡನೆ ಬೆರೆತುಹೋಗಿದೆ. ಚಹಾ ಹಳ್ಳಿಗಳನ್ನು ತಲುಪುವ ಮೊದಲು ಕಷಾಯವೇ ಬಿಸಿಪಾನೀಯ. ತಂಗಡಿ ಹೂವನ್ನು ನೆರಳಲ್ಲಿ ಒಣಗಿಸಿ ಕುದಿಸಿದ ಕಷಾಯ ದೇಹದ ಉಷ್ಣಕ್ಕೂ ಸಿಹಿಮೂತ್ರಕ್ಕೂ ಒಳ್ಳೆಯದೆಂಬ ನಂಬಿಕೆ ದಕ್ಷಿಣ ಭಾರತದಾದ್ಯಂತ ಇದೆ. ಸಿಂಹಳದಲ್ಲಿ ಇದೇ ಗಿಡದ ಎಲೆಯನ್ನು ಚಹಾದಂತೆ ಬಳಸುತ್ತಿದ್ದರು.

ಮನೆಮದ್ದಿನಲ್ಲಿ ನೆಲ್ಲಿ, ತಾರೆ, ಅಳಲೆ ಸೇರಿದ ತ್ರಿಫಲೆ ಶಾಸ್ತ್ರೀಯ ವೈದ್ಯಕ್ಕೂ ಹಳ್ಳಿಯ ವೈದ್ಯಕ್ಕೂ ಸಮಾನ. ಶಿಶುಗಳಿಗೆ ಅಳಲೆಕಾಯಿಯನ್ನು ತೇಯ್ದು ನೆಕ್ಕಿಸುವುದು ಹಳೆಯ ಮೈಸೂರಿನ ಮನೆಮನೆಯ ವಾಡಿಕೆ. ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯುವ ಪದ್ಧತಿ ಸಿಹಿಮೂತ್ರಕ್ಕೆ ಸಂಬಂಧಿಸಿದ್ದು. ಇವುಗಳ ಗುಣಾವಗುಣದ ನಿರ್ಣಯ ವೈದ್ಯಶಾಸ್ತ್ರದ ಕ್ಷೇತ್ರ. ಅವು ಸಾಮಾಜಿಕ ಸತ್ಯವಾಗಿದ್ದವು ಎಂಬಷ್ಟೇ ಇಲ್ಲಿನ ಗ್ರಹಿಕೆ.

ಇಂತಹ ಜ್ಞಾನದ ನಿಜವಾದ ಬೆಲೆ ತಿಳಿಯುವುದು ಬರಗಾಲದಲ್ಲಿ. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿಯಿತು. ಧಾತು–ಈಶ್ವರ ಸಂವತ್ಸರಗಳ, ಅಂದರೆ 1876–78ರ ಮಹಾಬರ ಅದಕ್ಕೆ ಕಾರಣ. ಹೊಲ ಕೈಕೊಟ್ಟಾಗ ಕಾಡಿನ ಗೆಡ್ಡೆ, ಸೊಪ್ಪು, ಹುರಿದ ಹುಣಸೆ ಬೀಜಗಳು ಬಡವರ ಕೊನೆಯ ಆಸರೆ. ಈ ದೃಷ್ಟಿಯಿಂದ ಕಾಡಿನ ಮೇಲಿನ ಹಕ್ಕು ಅಕ್ಷರಶಃ ಜೀವದ ಹಕ್ಕಾಗಿತ್ತು.

‘ಕಿರು ಉತ್ಪನ್ನ’ವಾದ ಕಾಡು

ಈ ಮಹಾಬರಕ್ಕೆ ಹನ್ನೆರಡು ವರ್ಷ ಮೊದಲೇ, 1864ರಲ್ಲಿ, ಮೈಸೂರಿನಲ್ಲಿ ಅರಣ್ಯ ಇಲಾಖೆ ಸ್ಥಾಪನೆಯಾಗಿತ್ತು. 1880ರ ದಶಕದ ಆರಂಭದಲ್ಲಿ ಬೆಂಗಳೂರು–ಮೈಸೂರು ರೈಲುಮಾರ್ಗ ಅಂದಿನ ಕ್ಲೋಸ್‌ಪೇಟೆ ಹಾಗೂ ಚನ್ನಪಟ್ಟಣಗಳ ಮೂಲಕ ಹಾದುಹೋಯಿತು. ಬೆಳೆಯುತ್ತಿದ್ದ ಬೆಂಗಳೂರಿನ ಸೌದೆ–ಇದ್ದಿಲಿನ ಬೇಡಿಕೆಗೆ ಸಮೀಪದ ಈ ಕಾಡುಗಳು ಸುಲಭವಾಗಿ ಒದಗಿದವು. 1900ರ ಮೈಸೂರು ಅರಣ್ಯ ರೆಗ್ಯುಲೇಷನ್ ಕಾಡುಗಳನ್ನು ‘ಸ್ಟೇಟ್ ಫಾರೆಸ್ಟ್’ ಎಂದು ಘೋಷಿಸುವ, ಒಳಗಿನ ಹಕ್ಕುಗಳನ್ನು ಇತ್ಯರ್ಥಗೊಳಿಸುವ ಕ್ರಮವನ್ನು ಭದ್ರಪಡಿಸಿತು. ಸ್ವಾತಂತ್ರ್ಯಾನಂತರದ 1963ರ ಕರ್ನಾಟಕ ಅರಣ್ಯ ಕಾಯ್ದೆ ಬಹುತೇಕ ಅದೇ ಚೌಕಟ್ಟನ್ನು ಮುಂದುವರಿಸಿತು.

ಈ ವ್ಯವಸ್ಥೆಯಲ್ಲಿ ಮರಮುಟ್ಟು ಮತ್ತು ಶ್ರೀಗಂಧ ‘ಪ್ರಮುಖ’ವಾಗಿ, ಉಳಿದುದೆಲ್ಲ ‘ಕಿರು ಅರಣ್ಯ ಉತ್ಪನ್ನ’ವಾಯಿತು. ‘ಕಿರು’ ಎಂಬುದು ಬೊಕ್ಕಸದ ಅಳತೆ; ಮನೆಯ ಅಳತೆಯಲ್ಲಿ ಈ ಕ್ರಮ ತಿರುವುಮುರುವಾಗಿತ್ತು. ತಂಗಡಿಯ ಉದಾಹರಣೆ ಗಮನಾರ್ಹ. ಮನೆಗೆ ಬೇಕಾದುದು ಅದರ ಹೂವು, ಚಿಗುರು. ಚರ್ಮ ಹದಮಾಡುವ ಉದ್ಯಮಕ್ಕೆ ಬೇಕಾದುದು ತೊಗಟೆ. ಅಳಲೆಕಾಯಿಯೂ ಅದೇ ಉದ್ಯಮದ ಸರಕು. ಹರಾಜಿನಲ್ಲಿ ಗುತ್ತಿಗೆ ಹಿಡಿದವನಿಗೆ ಸಂಗ್ರಹಿಸುವ ಹಕ್ಕು ಸಿಕ್ಕಾಗ, ಅದೇ ಕಾಯಿಯನ್ನು ಕೈತುಂಬ ತರುವ ಹೆಂಗಸಿನ ಕೆಲಸ ರೂಢಿಯಿಂದ ಅಪರಾಧದ ಗಡಿಗೆ ಜಾರಿತು.

ಚನ್ನಪಟ್ಟಣದ ಅರಗಿನ ಗೊಂಬೆಗಳ ಕಥೆಯೂ ಇದಕ್ಕೆ ಹೊಂದಿಕೊಂಡಿದೆ. ಗೊಂಬೆಯ ಒಡಲು ಹಾಲೆ ಮರದ್ದು, ಮೆರುಗು ಅರಗಿನದು. ಹಾಲೆಯ ಎಲೆಯಿಂದ ನೀಲಿ ಬಣ್ಣ ತೆಗೆಯುವ ಕ್ರಮ 18ನೆಯ ಶತಮಾನದ ಕೊನೆಯಲ್ಲಿ ಯುರೋಪಿಯನ್ ಸಸ್ಯಶಾಸ್ತ್ರಜ್ಞರ ಗಮನ ಸೆಳೆದಿತ್ತು. ಎಲೆಯನ್ನು ಹಲ್ಲುನೋವಿಗೆ ಅಗಿಯುವುದು, ಎಣ್ಣೆಯಲ್ಲಿ ನೆನೆಸಿ ಚರ್ಮರೋಗಕ್ಕೆ ಹಚ್ಚುವುದು ನಾಟಿ ವೈದ್ಯದ ಕ್ರಮಗಳು. ಲೋಕವಿಖ್ಯಾತವಾದದ್ದು ಗೊಂಬೆ, ಮದ್ದಿನ ಮರವಾಗಿ ಹಾಲೆಯ ಪರಿಚಯ ಮಸುಕಾಯಿತು.

ಇರುಳಿಗರು ಮತ್ತು ಮಾಕಳಿ ಬೇರು

ಈ ಕಾಡುಗಳ ಜ್ಞಾನವನ್ನು ಸಮಗ್ರವಾಗಿ ಬಲ್ಲವರು ಇರುಳಿಗರು. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿರುವ ಈ ಸಮುದಾಯ ರಾಮನಗರ, ಮಾಗಡಿ, ಕನಕಪುರಗಳ ಗುಡ್ಡಗಳಲ್ಲಿ ನೆಲೆಸಿತ್ತು. ಜೇನು, ಕಾಡುಗೆಣಸು, ಹಣ್ಣು, ಬೇರುಗಳ ಸಂಗ್ರಹಣೆ ಅವರ ಜೀವನಾಧಾರ. ಕಾಡಿನ ಒಳಗಿದ್ದ ಅವರ ಅನೇಕ ಕುಟುಂಬಗಳು ಇಂದು ಕಾಡಂಚಿನ ಕಾಲೊನಿಗಳಲ್ಲಿ ಕೂಲಿಯನ್ನು ಅವಲಂಬಿಸಿವೆ.

ಅವರ ಸಂಗ್ರಹಣೆಯಲ್ಲಿ ಮಾಕಳಿ ಬೇರಿಗೆ ವಿಶೇಷ ಸ್ಥಾನ. ಇದು ಮರವಲ್ಲ, ಬಂಡೆಗಳ ಬಿರುಕಿನಲ್ಲಿ ಬೇರು ಇಳಿಸುವ ಬಳ್ಳಿ. ಆದರೆ ಈ ಶಿಲಾಸೀಮೆಯ ಸಂಗ್ರಹಣೆಯ ಚರಿತ್ರೆಯನ್ನು ಇದರಷ್ಟು ಸ್ಪಷ್ಟವಾಗಿ ಹೇಳುವ ಸಸ್ಯ ಇನ್ನೊಂದಿಲ್ಲ. ಬೇರಿನ ಸಿಪ್ಪೆ ತೆಗೆದು, ನಡುವಿನ ನಾರನ್ನು ಬಿಡಿಸಿ, ಮಜ್ಜಿಗೆ ಅಥವಾ ನಿಂಬೆರಸದಲ್ಲಿ ಉಪ್ಪಿನಕಾಯಿ ಹಾಕುವುದು ಹಳೆಯ ಮೈಸೂರಿನ ಅಡುಗೆಯ ಹೆಮ್ಮೆ. ಅದರ ಪರಿಮಳಕ್ಕೆ ಕಾರಣವಾದ ರಾಸಾಯನಿಕ ವೆನಿಲಾದ ಸುಗಂಧದ್ರವ್ಯಕ್ಕೆ ಅಣುರಚನೆಯಲ್ಲಿ ಸೋದರ. ಪಿತ್ತಶಮನಕ್ಕೂ ಹಸಿವು ಹೆಚ್ಚಿಸುವುದಕ್ಕೂ ಬಳಸುವ ಈ ಬೇರನ್ನು ಸೊಗದೆ ಬೇರಿನ ಬದಲಿಯಾಗಿಯೂ ಮಾರುಕಟ್ಟೆಗೆ ತರಲಾಗುತ್ತದೆ.

ಹಣ್ಣು ಕಿತ್ತರೆ ಮರ ಉಳಿಯುತ್ತದೆ. ಬೇರು ಅಗೆದರೆ ಬಳ್ಳಿಯೇ ಹೋಗುತ್ತದೆ. ಮನೆಬಳಕೆಗೆ ಅಗೆಯುವಾಗ ಒಂದಷ್ಟು ಬೇರನ್ನು ಉಳಿಸಿ ಮಣ್ಣು ಮುಚ್ಚಿದರೆ ಅದು ಮತ್ತೆ ಚಿಗುರುತ್ತದೆ. ತೂಕದ ಲೆಕ್ಕದಲ್ಲಿ ಕೊಳ್ಳುವ ವರ್ತಕನ ಬೇಡಿಕೆಗೆ ಈ ಸಂಯಮ ಒಗ್ಗುವುದಿಲ್ಲ. ಅಗೆದವನಿಗೆ ನಾಳೆ ಅದೇ ಗುಡ್ಡಕ್ಕೆ ಬರುವ ಖಾತರಿಯಿಲ್ಲದಿದ್ದರೆ ಉಳಿಸಿ ಅಗೆಯುವುದಕ್ಕೆ ಕಾರಣವೂ ಇರುವುದಿಲ್ಲ. ಜಾಗತಿಕ ಮಟ್ಟದಲ್ಲಿ ಈ ಸಸ್ಯ ಅಪಾಯದಂಚಿನ ಪಟ್ಟಿಗೆ ಸೇರಿದೆ. ಕಲ್ಲುಗಣಿಗಾರಿಕೆಯಿಂದ ಅದರ ನೆಲೆಯಾದ ಬಂಡೆಗಳೇ ಕರಗಿದುದನ್ನೂ ಇದರೊಡನೆ ಪರಿಗಣಿಸಬೇಕು.

ಸಂರಕ್ಷಣೆ ಮತ್ತು ಹಕ್ಕು

20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಂರಕ್ಷಣೆಯ ಹೊಸ ಕ್ರಮಗಳು ಬಂದವು. 1987ರಲ್ಲಿ ಕಾವೇರಿ ವನ್ಯಜೀವಿಧಾಮ ಘೋಷಣೆಯಾಗಿ ಕನಕಪುರದ ಕಾಡಿನ ಭಾಗ ಅದರೊಳಗೆ ಸೇರಿತು. 1990ರ ದಶಕದಲ್ಲಿ ರಾಜ್ಯದ 13 ಔಷಧೀಯ ಸಸ್ಯ ಸಂರಕ್ಷಣಾ ಪ್ರದೇಶಗಳಲ್ಲಿ ಒಂದಾಗಿ ಸಾವನದುರ್ಗ ಆಯ್ಕೆಯಾಯಿತು. 2012ರಲ್ಲಿ ರಾಮದೇವರಬೆಟ್ಟ ರಣಹದ್ದು ಧಾಮವಾಯಿತು. ಇವುಗಳ ಉಪಯುಕ್ತತೆ ನಿರ್ವಿವಾದ. ಆದರೆ ಸಸ್ಯವನ್ನು ಉಳಿಸುವುದೂ ಅದರ ಬಳಕೆಯ ಜ್ಞಾನವನ್ನು ಉಳಿಸುವುದೂ ಒಂದೇ ಅಲ್ಲ. ಬೇಲಿಯೊಳಗೆ ಗಿಡ ಉಳಿದೀತು. ಯಾವ ತಿಂಗಳಲ್ಲಿ ಎಷ್ಟು ಕೀಳಬೇಕು ಎಂಬ ತಿಳಿವಳಿಕೆ ಕೀಳುವ ಕೈಯಲ್ಲಿ ಮಾತ್ರ ಉಳಿಯುತ್ತದೆ.

2006ರ ಅರಣ್ಯ ಹಕ್ಕುಗಳ ಕಾಯ್ದೆ ಈ ಅಂತರವನ್ನು ಗುರುತಿಸಿದ ಶಾಸನ. ಪಾರಂಪರಿಕವಾಗಿ ಸಂಗ್ರಹಿಸುತ್ತಿದ್ದ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಒಡೆತನ, ಅವುಗಳನ್ನು ಸಂಗ್ರಹಿಸಿ ಬಳಸುವ ಹಾಗೂ ಮಾರುವ ಹಕ್ಕನ್ನು ಅದು ಅರಣ್ಯವಾಸಿಗಳಿಗೆ ಕೊಟ್ಟಿತು. ಜೇನು, ಅರಗು, ಔಷಧೀಯ ಸಸ್ಯ, ಬೇರು, ಗೆಡ್ಡೆಗಳು ಅದರ ವ್ಯಾಖ್ಯೆಯಲ್ಲಿ ಹೆಸರಿಸಲ್ಪಟ್ಟಿವೆ. ಅದೇ ಕಾಯ್ದೆ ಹಕ್ಕುದಾರರಿಗೂ ಗ್ರಾಮಸಭೆಗೂ ಕಾಡನ್ನು, ಜೀವವೈವಿಧ್ಯವನ್ನು ರಕ್ಷಿಸುವ ಹೊಣೆಯನ್ನೂ ವಹಿಸಿದೆ. ಈ ಸೀಮೆಯ ಇರುಳಿಗರು ಭೂಮಿಯ ಹಕ್ಕಿಗಾಗಿ ಅರ್ಜಿ ಸಲ್ಲಿಸಿ ಹೋರಾಟ ನಡೆಸಿದ್ದಾರೆ. ಸಂಗ್ರಹಣೆಯ ಹಕ್ಕೂ ಅಷ್ಟೇ ಮಹತ್ವದ್ದೆಂಬುದು ಮಾಕಳಿ ಬೇರಿನ ಉದಾಹರಣೆಯಿಂದ ಮನವರಿಕೆಯಾಗುತ್ತದೆ.

ಸಮಾರೋಪ

ಒಟ್ಟಾರೆಯಾಗಿ, ರಾಮನಗರ ಪರಿಸರದ ಕಾಡುಮರಗಳ ಬಳಕೆಯ ಚರಿತ್ರೆ ಗಿಡಮೂಲಿಕೆಗಳ ಪಟ್ಟಿಯಷ್ಟೇ ಅಲ್ಲ. ಯಾರು ಕೀಳಬಹುದು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳ ಚರಿತ್ರೆ. ಕಂಪನಿಯ ಸಮೀಕ್ಷೆ, ಸಂಸ್ಥಾನದ ರೆಗ್ಯುಲೇಷನ್, ಗುತ್ತಿಗೆಯ ಹರಾಜು, ಸಂರಕ್ಷಿತ ಪ್ರದೇಶ ಇವೆಲ್ಲವೂ ಮರವನ್ನು ದಾಖಲಿಸಿದವು. ಮರದೊಡನೆ ಬದುಕಿದವರ ಅರಿವನ್ನು ದಾಖಲಿಸುವ ಕೆಲಸ ಹಿಂದುಳಿಯಿತು. ತಾಲ್ಲೂಕುವಾರು ಸ್ಥಳನಾಮ, ಅಡುಗೆ, ನಾಟಿ ವೈದ್ಯ ಮತ್ತು ಇರುಳಿಗರ ಸಸ್ಯನಾಮಗಳನ್ನು, ಹೇಳಿದವರ ಸಮ್ಮತಿ ಪಡೆದು, ಕ್ರಮಬದ್ಧವಾಗಿ ಸಂಗ್ರಹಿಸುವುದು ಸಂಶೋಧಕರ ಮುಂದಿರುವ ತುರ್ತು ಕಾರ್ಯ. ಬೇರನ್ನು ಎಷ್ಟು ಅಗೆದು ಎಷ್ಟು ಬಿಡಬೇಕೆಂದು ಬಲ್ಲ ತಲೆಮಾರು ಇನ್ನೂ ಈ ಗುಡ್ಡಗಳ ಬುಡದಲ್ಲಿದೆ.