ತೇರದ ಸಂಗ್ರಹಾಲಯವೂ ನಮ್ಮ ಗಡಿನಾಡಿನ ಹೊಣೆಯೂ

ಉಮರ್ಗಾ, ನಿಲಂಗಾ ಮತ್ತು ಉದಗೀರ ಇಂದು ಮಹಾರಾಷ್ಟ್ರದ ತಾಲೂಕುಗಳು. ಆದರೆ ಇವುಗಳ ಚರಿತ್ರೆಯು ಇಂದಿನ ಗಡಿರೇಖೆಗಿಂತ ಬಹು ಹಳೆಯದು. ಕಲ್ಯಾಣದ ಚಾಲುಕ್ಯರ ರಾಜಧಾನಿ ಉಮರ್ಗಾದಿಂದ ಹೆಚ್ಚು ದೂರದಲ್ಲಿಲ್ಲ. ನಿಲಂಗಾದ ನೀಲಕಂಠೇಶ್ವರ ದೇವಾಲಯವನ್ನೂ ಉಮರ್ಗಾದ ಮಹಾದೇವ ದೇವಾಲಯವನ್ನೂ ಕಂಡವರು ಹುಮನಾಬಾದ ತಾಲೂಕಿನ ಜಲಸಂಗಿಗೆ ಹೋದರೆ, ಒಂದೇ ಶಿಲ್ಪಪರಂಪರೆಯ ಕೈಕೆಲಸವನ್ನು ಗುರುತಿಸದೆ ಇರಲಾರರು. ಸೌಂದತ್ತಿಯ ರಟ್ಟರು ತಮ್ಮನ್ನು ಲತ್ತಲೂರಿನ ಒಡೆಯರೆಂದು ಕರೆದುಕೊಂಡರು. ಶಿಲಾಹಾರರು ‘ತಗರಪುರವರಾಧೀಶ್ವರ’ ಎಂಬ ಬಿರುದನ್ನು ಧರಿಸಿದರು. ಲತ್ತಲೂರೆಂದರೆ ಲಾತೂರು, ತಗರವೆಂದರೆ ತೇರ. ರಾಜ್ಯವಾಳಿದ ನೆಲ ಬೇರೆಯಾದರೂ ಮೂಲದ ನೆನಪನ್ನು ಅವರು ಈ ಸೀಮೆಯಲ್ಲಿಯೇ ಇರಿಸಿದ್ದರು.

1956ರ ನವೆಂಬರ್ 1ರಂದು ಹೈದರಾಬಾದ ಸಂಸ್ಥಾನದ ಪ್ರದೇಶವು ಮೂರು ಪಾಲಾಯಿತು. ಬೀದರ ಜಿಲ್ಲೆಯ ಉದಗೀರ, ನಿಲಂಗಾ ಮತ್ತು ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯವನ್ನು ಸೇರಿದವು. 1982ರಲ್ಲಿ ಲಾತೂರು ಜಿಲ್ಲೆ ರಚಿತವಾದಾಗ ಅದರಲ್ಲಿ ಒಳಗೊಂಡವು. ಜನರ ಬಾಂಧವ್ಯವಾಗಲಿ ಸಂತೆಯ ವ್ಯವಹಾರವಾಗಲಿ ಇದರಿಂದ ಕಡಿಯಲಿಲ್ಲ. ಆದರೆ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳು ಕಡಿಮೆಯಾದಂತೆ, ಗುಡಿಯಂಗಳದ ಶಾಸನವನ್ನು ‘ಇದು ನಮ್ಮ ಅಕ್ಷರ’ ಎಂದು ಗುರುತಿಸುವವರೂ ಕಡಿಮೆಯಾದರು. ಕಲ್ಲು ಊರಿನಲ್ಲಿಯೇ ಇದೆ. ಅದರ ಓದು ಮಾತ್ರ ಊರು ಬಿಟ್ಟಿದೆ. ಈ ಕೊರತೆಯನ್ನು ತುಂಬುವ ಬಗೆ ಯಾವುದು? ಅದಕ್ಕೆ ತೇರದ ಉದಾಹರಣೆಯನ್ನು ನೋಡಬೇಕು.

ತೇರ ತೇರಣಾ ನದಿಯ ದಂಡೆಯ ಮೇಲಿನ ಒಂದು ಹಳ್ಳಿ. ಸಂತ ಗೋರೋಬಾ ಕುಂಬಾರರ ಊರೆಂದು ಅದು ಪ್ರಸಿದ್ಧ. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನಾವಿಕನೊಬ್ಬನು ಬರೆದ ‘ಪೆರಿಪ್ಲಸ್’ ಗ್ರಂಥದಲ್ಲಿ, ಪೈಠಣದಿಂದ ಪೂರ್ವಕ್ಕೆ ಹತ್ತು ದಿನಗಳ ಪ್ರಯಾಣದ ದೂರದಲ್ಲಿ ತಗರವೆಂಬ ದೊಡ್ಡ ಪಟ್ಟಣವಿತ್ತೆಂದೂ, ಅಲ್ಲಿಂದ ಬಗೆಬಗೆಯ ಬಟ್ಟೆಗಳು ಬಂಡಿಗಳಲ್ಲಿ ಭರೂಚದ ಬಂದರಿಗೆ ಹೋಗುತ್ತಿದ್ದವೆಂದೂ ಹೇಳಿದೆ. ಆ ತಗರವೇ ಈ ತೇರವೆಂದು 1901ರಲ್ಲಿ ಪ್ರತಿಪಾದಿಸಿದವರು ಜೆ. ಎಫ್. ಫ್ಲೀಟ್. ಕನ್ನಡ ಅರಸುಮನೆತನಗಳ ಚರಿತ್ರೆಗೆ ಬುನಾದಿ ಹಾಕಿದ ವಿದ್ವಾಂಸರೂ ಅವರೇ.

ತೇರದ ಹಳೆಯ ದಿಬ್ಬಗಳಲ್ಲಿ ಸುಟ್ಟ ಮಣ್ಣಿನ ಬೊಂಬೆಗಳು, ಮಣಿಗಳು, ನಾಣ್ಯಗಳು, ಶಂಖದ ಮತ್ತು ದಂತದ ವಸ್ತುಗಳು ದೊರೆಯುತ್ತಿದ್ದವು. ಅವುಗಳ ಬೆಲೆಯನ್ನು ಅರಿತು ಕೂಡಿಸಿಟ್ಟವರು ಆ ಊರಿನವರೇ ಆದ ರಾಮಲಿಂಗಪ್ಪ ಲಾಮತುರೆ. ಅವರ ಸಂಗ್ರಹವೇ ಮುಂದೆ ಅವರ ಹೆಸರಿನ ಸರಕಾರಿ ವಸ್ತುಸಂಗ್ರಹಾಲಯವಾಯಿತು. ಅಲ್ಲಿಯ ದಂತದ ಸ್ತ್ರೀಪ್ರತಿಮೆಯನ್ನು ವಿದ್ವಾಂಸರು, ಇಟಲಿಯ ಪಾಂಪೆಯಲ್ಲಿ 1938ರಲ್ಲಿ ಸಿಕ್ಕ ದಂತದ ಪ್ರತಿಮೆಯೊಡನೆ ಹೋಲಿಸುತ್ತಾರೆ. ಪಾಂಪೆ ಕ್ರಿ. ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ನಗರ. ದಖ್ಖನ್ನಿನ ಕುಶಲಿಗಳ ಕೆಲಸ ಅಷ್ಟು ದೂರದವರಿಗೂ ಪ್ರಿಯವಾಗಿತ್ತೆಂಬ ಮಾತಿಗೆ ಇಂತಹ ವಸ್ತುಗಳೇ ಆಧಾರ. ಊರಿನವನೊಬ್ಬನ ಆಸಕ್ತಿಯಿಲ್ಲದಿದ್ದರೆ ಇವುಗಳಲ್ಲಿ ಎಷ್ಟೋ ಮಕ್ಕಳ ಆಟಕ್ಕೋ ವ್ಯಾಪಾರಿಗಳ ಚೀಲಕ್ಕೋ ಸೇರುತ್ತಿದ್ದವು.

ಉಳಿಸುವವರಿಲ್ಲದಿದ್ದರೆ ಆಗುವುದೇನೆಂಬುದನ್ನು ನಮ್ಮ ಸೀಮೆ ಅನುಭವಿಸಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಕಿಲ್ಲಾರಿ ಮತ್ತು ಸಾಸ್ತೂರಿನ ಸುತ್ತಲ ಹಳ್ಳಿಗಳು ಭೂಕಂಪದಿಂದ ನೆಲಸಮವಾದವು. ಕಲ್ಲುಮಣ್ಣಿನ ದಪ್ಪ ಗೋಡೆಗಳೇ ಸಾವಿರಾರು ಜನರ ಸಾವಿಗೆ ಕಾರಣವಾದವು. ಅನಂತರ ಅನೇಕ ಊರುಗಳು ಹೊಸ ಜಾಗದಲ್ಲಿ ಹೊಸ ಮನೆಗಳಾಗಿ ಎದ್ದವು. ಪ್ರಾಣಹಾನಿಯ ಮುಂದೆ ವಸ್ತುಗಳ ನಷ್ಟ ದೊಡ್ಡದಲ್ಲ, ನಿಜ. ಆದರೂ ಹಗೇವು, ಬೀಸುವಕಲ್ಲು, ಕೆತ್ತಿದ ಬಾಗಿಲು, ಕೈಬರಹದ ಪೋಥಿ, ಲೆಕ್ಕದ ಖಾತೆ, ಇವುಗಳೊಡನೆ ಹಳೆಯ ಮನೆಯ ಬಾಳುವೆಯೂ ಮಣ್ಣಾಯಿತು. ಹೊಸ ಊರಿನಲ್ಲಿ ಹುಟ್ಟಿದ ಮಗುವಿಗೆ ಅಜ್ಜಿಯ ಮನೆ ಹೇಗಿತ್ತೆಂದು ತೋರಿಸಲು ನಮ್ಮ ಕೈಯಲ್ಲಿ ಉಳಿದಿರುವುದು ಬಹು ಸ್ವಲ್ಪ.

ಆದುದರಿಂದ ಸಂಗ್ರಹಾಲಯದ ನವೀಕರಣವೆಂದರೆ ಕಟ್ಟಡಕ್ಕೆ ಬಣ್ಣ, ಗಾಜಿನ ಕಪಾಟಿಗೆ ದೀಪ ಎಂದಷ್ಟೇ ತಿಳಿಯಬಾರದು. ವಸ್ತುವಿಗೂ ಅದರ ಜನರಿಗೂ ನಡುವೆ ಕಡಿದ ಮಾತನ್ನು ಮತ್ತೆ ಜೋಡಿಸುವುದೇ ಅದರ ತಿರುಳು. ಮೊದಲನೆಯದಾಗಿ, ವಸ್ತುವಿನ ವಿವರವು ಮರಾಠಿಯೊಡನೆ ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಇರಬೇಕು. ಉದಗೀರದ ಕೋಟೆಯಲ್ಲಿ ಫಾರಸಿ ಬರಹಗಳಿರುವಾಗ ಈ ನೆಲದ ಚರಿತ್ರೆಯನ್ನು ಒಂದೇ ಭಾಷೆಯಲ್ಲಿ ಹೇಳಲಾಗದು. ಎರಡನೆಯದಾಗಿ, ಶಾಸನಗಳನ್ನು ಗುಡಿಯಿಂದ ಕಿತ್ತು ತರುವುದು ಸಲ್ಲದು. ಕಲ್ಲು ಇದ್ದಲ್ಲಿಯೇ ಇರಲಿ. ಅದರ ಪಡಿಯಚ್ಚು, ಪಾಠ ಮತ್ತು ಅರ್ಥ ಸಂಗ್ರಹಾಲಯದಲ್ಲಿರಲಿ. ಮೂರನೆಯದಾಗಿ, ಅರಸರ ವಸ್ತುಗಳ ಪಕ್ಕದಲ್ಲಿ ಒಕ್ಕಲಿಗನ ಕೂರಿಗೆಗೂ ನೇಕಾರನ ಲಾಳಿಗೂ ಸ್ಥಾನ ದೊರೆಯಲಿ. ತಗರದ ಕೀರ್ತಿ ಬೆಳೆದದ್ದು ಬಟ್ಟೆಯಿಂದಲೇ ಎಂಬುದನ್ನು ಮರೆಯಬಾರದು.

ಇದು ಎರಡು ಭಾಷೆಗಳ ಸ್ಪರ್ಧೆಯ ಮಾತಲ್ಲ. ಡಾ. ಶ್ರೀನಿವಾಸ ರಿತ್ತಿ ಅವರು ಜಿ. ಸಿ. ಶೆಳಕೆ ಅವರೊಡನೆ 1968ರಲ್ಲಿ ನಾಂದೇಡ ಜಿಲ್ಲೆಯ ಶಾಸನಗಳನ್ನೂ, ಸೊಲ್ಲಾಪುರದ ಆನಂದ ಕುಂಭಾರರೊಡನೆ 1988ರಲ್ಲಿ ಆ ಜಿಲ್ಲೆಯ ಶಾಸನಗಳನ್ನೂ ಪ್ರಕಟಿಸಿದರು. ಧಾರವಾಡದ ವಿದ್ವತ್ತೂ ಮಹಾರಾಷ್ಟ್ರದ ಊರೂರು ತಿರುಗಿದ ಕಾಲುಗಳೂ ಕೂಡಿದಾಗ ಮಾತ್ರ ಆ ಕೆಲಸ ನಡೆಯಿತು.

ಪುರಾತನ ವಸ್ತುಗಳನ್ನು ಕುರಿತು 1972ರ ಕಾಯದೆಯಿದೆ; ನೆಲದಲ್ಲಿ ಸಿಕ್ಕ ನಿಧಿಗೆ 1878ರ ಕಾಯದೆಯಿದೆ. ಅವುಗಳ ಮಿತಿಯೊಳಗೆ ನಡೆಯುವುದು ನಮ್ಮ ಕರ್ತವ್ಯ. ಆದರೆ ಪಟ್ಟಿ ಮಾಡಲು, ಛಾಯಾಚಿತ್ರ ತೆಗೆಯಲು, ಹಿರಿಯರ ಮಾತನ್ನು ಬರೆದುಕೊಳ್ಳಲು, ಶಾಸನದ ಮೇಲೆ ಬಣ್ಣ ಬಳಿಯದಂತೆ ಊರವರಿಗೆ ತಿಳಿಹೇಳಲು ಯಾವ ಕಾಯದೆಯ ಅಡ್ಡಿಯೂ ಇಲ್ಲ. ಸಾಹಿತ್ಯ ಸಮ್ಮೇಳನಕ್ಕೆ ಬಂದ ನಾವು ಪ್ರತಿಯೊಬ್ಬರೂ ನಮ್ಮ ನಮ್ಮ ಊರಿನ ಒಂದು ಕಲ್ಲನ್ನು, ಒಂದು ಹಳೆಯ ಪೋಥಿಯನ್ನು ದಾಖಲಿಸಿ ಮುಂದಿನ ಸಮ್ಮೇಳನಕ್ಕೆ ತಂದರೆ ಸಂಗ್ರಹಾಲಯದ ಮೊದಲ ಕೋಣೆ ಸಿದ್ಧವಾದಂತೆಯೇ. ತೇರದಲ್ಲಿ ಆ ಕೆಲಸವನ್ನು ಒಬ್ಬರೇ ಆರಂಭಿಸಿದರು. ನಾವು ಮೂರು ತಾಲೂಕುಗಳ ಜನರಿದ್ದೇವೆ.