ಆಗಾಗ ಮುನಿಯುವ ಯಂತ್ರ



ವೈದ್ಯರಾದ ನಮಗೆ ದೋಣಿಯ ಮೋಟಾರಿನ ಇತಿಹಾಸವನ್ನು ಹೇಳಲು ಅಧಿಕಾರವೇನು ಎಂದು ತಾವು ಕೇಳಬಹುದು. ಪೂರ್ತಿ ಕೆಟ್ಟ ಯಂತ್ರದ ವಿಷಯದಲ್ಲಿ ನಮಗೆ ಅಧಿಕಾರವಿಲ್ಲ. ಆದರೆ ಆಗೊಮ್ಮೆ ಈಗೊಮ್ಮೆ ಕೆಟ್ಟು, ಪರೀಕ್ಷೆಗೆ ಒಯ್ದಾಗ ಮಾತ್ರ ನೆಟ್ಟಗೆ ಓಡುವ ಯಂತ್ರ ನಮಗೆ ಹಳೆಯ ಪರಿಚಯ. ಮನೆಯಲ್ಲಿ ಎದೆ ಬಡಿದುಕೊಂಡು, ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಲೇ ನಾಡಿ ಸರಿಯಾಗುವ ರೋಗಿಯನ್ನು ಕಾಣದ ವೈದ್ಯರುಂಟೆ?

ದೋಣಿಯ ಹಿಂಬದಿಗೆ ತಗುಲಿಹಾಕುವ ಔಟ್‌ಬೋರ್ಡ್ ಮೋಟಾರನ್ನು ಜನಪ್ರಿಯಗೊಳಿಸಿದವರು ಓಲೆ ಎವಿನ್‌ರೂಡ್. 1877ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕದ ವಿಸ್ಕಾನ್ಸಿನ್ ಪ್ರಾಂತಕ್ಕೆ ವಲಸೆ ಬಂದವರು. ಡೆಟ್ರಾಯಿಟಿನ ಕ್ಯಾಮರಾನ್ ವಾಟರ್‌ಮನ್ ಅವರು ಇಂಥ ಯಂತ್ರವನ್ನು ಮೊದಲೇ ಮಾರಾಟಕ್ಕೆ ತಂದಿದ್ದರೂ, 1909ರಲ್ಲಿ ಮಿಲ್ವಾಕಿಯಲ್ಲಿ ಎವಿನ್‌ರೂಡ್ ಮಾರಲಾರಂಭಿಸಿದ ಒಂದೂವರೆ ಅಶ್ವಶಕ್ತಿಯ, 62 ಪೌಂಡು ತೂಕದ ಯಂತ್ರವೇ ಹುಟ್ಟುಹಾಕುವ ಕೈಗಳಿಗೆ ವಿಶ್ರಾಂತಿ ಕೊಟ್ಟಿತು.

ಈ ಯಂತ್ರದ ಬದುಕು ಮೂರರ ಮೇಲೆ ನಿಂತಿದೆ: ಕಿಡಿ, ಇಂಧನ, ತಣಿಸುವ ನೀರು. ಒಂದೊಂದು ತಲೆಮಾರಿನ ತಜ್ಞರೂ ಹಳೆಯ ವ್ಯಾಧಿಯೊಂದನ್ನು ನಿವಾರಿಸಿದರು. ಆ ನಿವಾರಣೆಯೊಡನೆಯೇ ಹೊಸದೊಂದು ಬಂದಿತು. ಮೊದಲು ಕಿಡಿಗೆ ಬ್ಯಾಟರಿ ಬೇಕಾಗಿತ್ತು. ನೀರು ತಗುಲಿದರೆ ಅದು ಕೈಕೊಡುತ್ತಿತ್ತು. ಗಾಲಿಚಕ್ರದೊಳಗೆ ಅಡಗಿದ ಮ್ಯಾಗ್ನೆಟೊ ಬಂದು ಆ ತೊಂದರೆ ತಪ್ಪಿತು. ಆದರೆ ಅದರೊಳಗಿನ ಪಾಯಿಂಟುಗಳು ಸವೆದು ಕಿಲುಬು ಹಿಡಿಯತೊಡಗಿದವು. ಮುಂದೆ ಎಲೆಕ್ಟ್ರಾನಿಕ್ ವಿಧಾನ ಬಂದು ಪಾಯಿಂಟುಗಳೇ ಮಾಯವಾದವು. ಬಿಸಿಯಾದಾಗ ಸತ್ತು, ತಣಿದಾಗ ಬದುಕುವ ಕಾಯಿಲುಗಳು ಮಾತ್ರ ಉಳಿದವು.

ಇಂಧನದ ಕಥೆಯೂ ಹಾಗೆಯೇ. ಮೊದಲು ಪೆಟ್ರೋಲಿನ ಡಬ್ಬಿ ಯಂತ್ರದ ತಲೆಯ ಮೇಲೆಯೇ ಇತ್ತು. ಇಂಧನ ತಾನಾಗಿ ಕೆಳಗಿಳಿಯುತ್ತಿತ್ತು. ಎರಡನೆಯ ಮಹಾಯುದ್ಧದ ಬಳಿಕ ಡಬ್ಬಿ ದೊಡ್ಡದಾಗಿ ದೋಣಿಯ ತಳಕ್ಕೆ ಇಳಿಯಿತು. ಅದರೊಡನೆ ರಬ್ಬರು ಕೊಳವೆ, ಕೂಡುಗೊಂಡಿಗಳು, ಪಂಪು, ಕೈಯಲ್ಲಿ ಅಮುಕುವ ಬಲ್ಬು ಎಲ್ಲವೂ ಸೇರಿದವು. ಒಂದೊಂದು ಕೂಡುವೆಯೂ ಗಾಳಿ ನುಸುಳಬಲ್ಲ ಬಾಗಿಲಾಯಿತು. ಇತ್ತೀಚಿನ ದಶಕಗಳಲ್ಲಿ ಅಮೆರಿಕದ ಪೆಟ್ರೋಲಿನಲ್ಲಿ ಶೇಕಡಾ 10ರಷ್ಟು ಎಥನಾಲ್ ಬೆರೆತು, ಅದು ನೀರನ್ನು ಹೀರಿ ಡಬ್ಬಿಯ ತಳದಲ್ಲಿ ಬೇರ್ಪಡುವ ಕಾಟವೂ ಆರಂಭವಾಯಿತು. ನಮ್ಮ ಕರಾವಳಿಯ ನಾಡದೋಣಿಗಳವರು ಪೆಟ್ರೋಲಿನಿಂದ ಚಾಲೂ ಮಾಡಿ ಸೀಮೆಎಣ್ಣೆಗೆ ಬದಲಾಯಿಸಿದಾಗ ಪ್ಲಗ್ಗಿಗೆ ಮಸಿ ಹಿಡಿಯುವುದುಂಟು. ಇಂಧನಕ್ಕೆ ತಕ್ಕ ರೋಗ.

ರೋಗಿಷ್ಠ ಯಂತ್ರಗಳಿಂದಲೇ ಹುಟ್ಟಿದ ಉದ್ಯಮವೂ ಒಂದುಂಟು. 1939ರಲ್ಲಿ ಕಾರ್ಲ್ ಕೀಕ್‌ಹೇಫರ್ ಅವರು ವಿಸ್ಕಾನ್ಸಿನ್ನಿನ ಸೀಡರ್‌ಬರ್ಗ್ ಊರಿನಲ್ಲಿ ದಿವಾಳಿಯಾಗಿದ್ದ ಕಾರ್ಖಾನೆಯನ್ನು ಕೊಂಡರು. ಅಲ್ಲಿ, ಸರಿಯಾಗಿ ಓಡವೆಂದು ಕೊಳ್ಳುವವರು ತಿರಸ್ಕರಿಸಿದ ಸುಮಾರು 300 ಮೋಟಾರುಗಳು ಬಿದ್ದಿದ್ದವು. ಅವನ್ನು ಗುಜರಿಗೆ ಹಾಕದೆ, ದೋಷ ಹುಡುಕಿ, ಸರಿಪಡಿಸಿ, ತಿರಸ್ಕರಿಸಿದವರಿಗೇ ಮಾರಿದರು. ಮರ್ಕ್ಯುರಿ ಮೋಟಾರುಗಳ ವಂಶದ ಮೂಲ ಅದೇ.

ಇನ್ನು ನಮ್ಮದೇ ಅಜ್ಞಾನದ ಒಂದು ಪುಟ. ಕೆಲವು ವರ್ಷಗಳ ಹಿಂದೆ ನಾವು ಹಳೆಯ 15 ಅಶ್ವಶಕ್ತಿಯ ಮೋಟಾರೊಂದನ್ನು ಕೊಂಡೆವು. ಇಪ್ಪತ್ತು ನಿಮಿಷ ಚೆನ್ನಾಗಿ ಓಡುವುದು, ಬಳಿಕ ಏದುಸಿರು ಬಿಟ್ಟು ನಿಲ್ಲುವುದು. ರಿಪೇರಿಯವರ ಅಂಗಡಿಯಲ್ಲಿ ಮಾತ್ರ ಯಾವ ದೂರೂ ಇಲ್ಲ! ಪ್ಲಗ್ಗುಗಳನ್ನು ಬದಲಿಸಿದೆವು, ಕಾರ್ಬ್ಯುರೇಟರನ್ನು ಎರಡು ಬಾರಿ ಬಿಚ್ಚಿಸಿ ತೊಳೆಸಿದೆವು. ಒಂದು ಸಂಜೆ, ಊರಿನಿಂದ ಬಂದಿದ್ದ ವೃದ್ಧ ತಂದೆಯವರನ್ನು ಕೂರಿಸಿಕೊಂಡು ಸರೋವರದ ನಡುವೆ ಇದ್ದಾಗ ಅದು ನಿಂತಿತು. ಪಡುವಣದಲ್ಲಿ ಕಾರ್ಮೋಡ; ಗಾಳಿ ಎದ್ದಿತ್ತು. ಎಂದಿನಂತೆ ಪೆಟ್ರೋಲು ಇದೆಯೇ ಎಂದು ಡಬ್ಬಿಯ ಮುಚ್ಚಳ ತೆರೆದು ನೋಡಿ, ಮುಚ್ಚಿ, ಹಗ್ಗ ಎಳೆದೆವು. ಯಂತ್ರ ಹೊರಟಿತು. ದಡ ಕಾಣುವ ಮುನ್ನ ಮತ್ತೆ ನಿಂತಿತು. ಮತ್ತೆ ಮುಚ್ಚಳ ತೆರೆದೆವು.

ತಂದೆಯವರು ಕೇಳಿದರು: "ಅಲ್ಲಪ್ಪಾ, ನೀನು ಮುಚ್ಚಳ ತೆಗೆದಾಗಲೆಲ್ಲ ಅದು ಉಸಿರೆಳೆದ ಹಾಗೆ ಸದ್ದಾಗುತ್ತಲ್ಲ, ಯಾಕೆ?"

ಡಬ್ಬಿಗೆ ಗಾಳಿಯಾಡಲೆಂದು ಮುಚ್ಚಳದ ಮೇಲಿರುವ ಸಣ್ಣ ತಿರುಪು ಬಿಗಿಯಾಗಿ ಮುಚ್ಚಿತ್ತು. ಪೆಟ್ರೋಲು ಖರ್ಚಾದಂತೆ ಒಳಗೆ ನಿರ್ವಾತ ಬೆಳೆದು, ಪಂಪು ಎಳೆದರೂ ಇಂಧನ ಬರುತ್ತಿರಲಿಲ್ಲ. ಮುಚ್ಚಳ ತೆರೆದು ನೋಡುವ ನಮ್ಮ ಪರೀಕ್ಷೆಯೇ ಪ್ರತಿಸಲವೂ ಚಿಕಿತ್ಸೆಯಾಗುತ್ತಿತ್ತು; ಯಂತ್ರ ವಿಶ್ರಾಂತಿಯಿಂದ ಚೇತರಿಸಿಕೊಂಡಿತೆಂದು ನಾವು ತಿಳಿದಿದ್ದೆವು. ತಿರುಪು ಸಡಿಲಿಸಿ, ಮಳೆಗೆ ಮುನ್ನವೇ ದಡ ಸೇರಿದೆವು.

ಆಮೇಲೆ ಕಲಿತದ್ದಿಷ್ಟು. ಯಂತ್ರ ಸೊರಗುತ್ತಿರುವಾಗಲೇ ಬಲ್ಬನ್ನು ಅಮುಕಿ ನೋಡಬೇಕು. ಚೇತರಿಸಿಕೊಂಡರೆ ದೋಷ ಇಂಧನದ ಹಾದಿಯಲ್ಲಿದೆ. ಬಲ್ಬು ಚಪ್ಪಟೆಯಾಗಿದ್ದರೆ ಡಬ್ಬಿಯ ಕಡೆ ತಡೆಯಿದೆ. ಬಲ್ಬು ಗಟ್ಟಿಯಾಗಿದ್ದೂ, ಗುಂಡಿ ಒತ್ತಿದಂತೆ ಯಂತ್ರ ಥಟ್ಟನೆ ನಿಂತರೆ ಕಿಡಿಯನ್ನು ಶಂಕಿಸಬೇಕು. ಅದನ್ನು ಬಿಸಿಯಿರುವಾಗಲೇ, ಕಿಡಿ ಹೊರಗೆ ಹಾರದಂಥ ಸಾಧನದಿಂದ ಪರೀಕ್ಷಿಸಬೇಕು. ಹಿಂದಿನಿಂದ ಚಿಮ್ಮುವ ನೀರಿನ ಧಾರೆ ಸಣ್ಣಗಾದರೆ ಓಡಿಸುವುದನ್ನು ನಿಲ್ಲಿಸಿ ನೀರಿನ ಪಂಪನ್ನು ನೋಡಿಸಬೇಕು.

ವೈದ್ಯಕೀಯವೂ ಇದೇ ಪಾಠವನ್ನು ಕಲಿಯಿತು. ರೋಗಿ ಓಡಾಡುತ್ತಿರುವಾಗಲೇ ಹೃದಯದ ಬಡಿತವನ್ನು ದಾಖಲಿಸುವ ವಿಧಾನವನ್ನು ಮೊಂಟಾನಾದ ನಾರ್ಮನ್ ಹೋಲ್ಟರ್ 1961ರಲ್ಲಿ ಪ್ರಕಟಿಸಿದರು. ರೋಗ ಆಸ್ಪತ್ರೆಗೆ ಬರದಿದ್ದರೆ, ಪರೀಕ್ಷೆಯೇ ರೋಗದ ಬಳಿಗೆ ಹೋಗಬೇಕು.

ತಂದೆಯವರು ಈಗಿಲ್ಲ. ಅವರ ಪ್ರಶ್ನೆ ಮಾತ್ರ ನಮ್ಮ ಚಿಕಿತ್ಸಾಲಯದಲ್ಲಿ ಉಳಿದಿದೆ. "ಏನು ತೊಂದರೆ?" ಎಂದು ಕೇಳಿದ ಮೇಲೆ, "ಅದು ಬಂದಾಗ ನೀವು ಏನು ಮಾಡುತ್ತೀರಿ? ಏನು ಮಾಡಿದ ಮೇಲೆ ಸರಿಹೋಗುತ್ತದೆ?" ಎಂದೂ ಈಗ ನಾವು ಕೇಳುತ್ತೇವೆ. ಉತ್ತರ ಎಷ್ಟೋ ಬಾರಿ ಅಲ್ಲಿಯೇ ಇರುತ್ತದೆ.