ತೊಟ್ಟಿಲ ತೀರ್ಮಾನ ಯಾರದು?

ನವವಧುವನ್ನು ‘ಅಷ್ಟಪುತ್ರ ಸೌಭಾಗ್ಯವತೀ ಭವ’ ಎಂದು ಹರಸುವುದು ನಮ್ಮಲ್ಲಿ ಹಳೆಯ ವಾಡಿಕೆ. ಹುಟ್ಟಿದ ಶಿಶುಗಳಲ್ಲಿ ಎಷ್ಟೋ ಮೃತ್ಯುವಿನ ಪಾಲಾಗುತ್ತಿದ್ದ ಕಾಲಕ್ಕೆ ಅದು ಒಪ್ಪುವ ಮಾತೇ. ಆದರೆ ಎಂಟು ಬೇಕೋ, ಒಂದು ಸಾಕೋ, ಒಂದೂ ಬೇಡವೋ ಎಂದು ಆಕೆಯನ್ನು ಕೇಳುವ ಪದ್ಧತಿ ಮಾತ್ರ ಇರಲಿಲ್ಲ.

ಆ ಪ್ರಶ್ನೆಯನ್ನೆತ್ತಿದವರಿಗೆ ಸಮಾಜ ಮಾಡಿದ ಮರ್ಯಾದೆಯೂ ಅಷ್ಟಕ್ಕಷ್ಟೆ. ಮುಂಬಯಿಯಲ್ಲಿ ಗಣಿತದ ಅಧ್ಯಾಪಕರಾಗಿದ್ದ ರಘುನಾಥ ಧೋಂಡೊ ಕರ್ವೆಯವರು 1921ರಲ್ಲಿ ಸಂತಾನ ನಿಯಂತ್ರಣದ ಸಲಹಾಕೇಂದ್ರವನ್ನು ತೆರೆದರು. ಅದರ ಪ್ರಚಾರಕ್ಕಾಗಿ ಅಧ್ಯಾಪಕ ವೃತ್ತಿಯನ್ನೇ ತೊರೆಯಬೇಕಾಯಿತು. ಅವರೂ ಅವರ ಪತ್ನಿ ಮಾಲತಿಯವರೂ ಮಕ್ಕಳು ಬೇಡವೆಂದು ತಾವಾಗಿಯೇ ನಿರ್ಧರಿಸಿದ್ದವರು.

ಇತ್ತ ಮೈಸೂರು ಸಂಸ್ಥಾನದಲ್ಲಿ ಸರ್ಕಾರವೇ ಮುಂದೆ ಬಂತು. 1930ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳು ಪ್ರಾರಂಭವಾದವು. ಸರ್ಕಾರವೊಂದು ಇಂಥ ಕಾರ್ಯಕ್ಕೆ ಕೈಹಾಕಿದ್ದು ಜಗತ್ತಿನಲ್ಲಿ ಅದೇ ಮೊದಲೆಂದು ಹೇಳುವುದುಂಟು.

ಸ್ವಾತಂತ್ರ್ಯಾನಂತರ ಕುಟುಂಬ ಯೋಜನೆ ರಾಷ್ಟ್ರದ ಕಾರ್ಯಕ್ರಮವಾಯಿತು; ಪ್ರಥಮ ಪಂಚವಾರ್ಷಿಕ ಯೋಜನೆಯಲ್ಲಿ ಅದಕ್ಕೆ 65 ಲಕ್ಷ ರೂಪಾಯಿ ಮೀಸಲಾಯಿತು. ಆಗಿನ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯವರ ಅನುಯಾಯಿ. ಕೃತಕ ಸಾಧನಗಳು ಅವರಿಗೆ ಸಮ್ಮತವಲ್ಲ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ನಮ್ಮ ರಾಮನಗರದಲ್ಲಿಯೂ ದೆಹಲಿಯಲ್ಲಿಯೂ ದಿನಗಣನೆಯ ಕ್ರಮವನ್ನು ಪರೀಕ್ಷಿಸಿದರು. ಲೆಕ್ಕ ತಪ್ಪದಿರಲೆಂದು ಹೆಂಗಸರಿಗೆ ಬಣ್ಣದ ಮಣಿಗಳ ಸರವನ್ನು ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಮಣಿಯ ಬಣ್ಣವೇ ದಿನದ ಗುಣವನ್ನು ಹೇಳುತ್ತದೆ.

ಪ್ರಯೋಗ ಹೆಚ್ಚು ಫಲಿಸಲಿಲ್ಲ. ಅದರಲ್ಲಿ ಆಶ್ಚರ್ಯವೇನು? ತುಂಬಿದ ಮನೆಯಲ್ಲಿ ಸೊಸೆಯ ಕೈಯ ಮಣಿಸರ ಅತ್ತೆಯ ಕಣ್ಣಿಗೆ ಬೀಳದಿರುವುದುಂಟೇ? ಲೆಕ್ಕ ಅವಳದು, ‘ಇಂದು ಬೇಡ’ ಎಂದರೆ ಗಂಡ ಒಪ್ಪಬೇಕಲ್ಲ! ಮಣಿಸರ ತಿಥಿ ಎಣಿಸಬಲ್ಲದೇ ಹೊರತು ಆಡುವ ಧೈರ್ಯವನ್ನು ಕೊಡಲಾರದು.

ಮುಂದೆ ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಸರ್ಕಾರವೇ ಅತ್ತೆಯ ಪಾತ್ರ ವಹಿಸಿತು. ಅತ್ತೆ ಹೆರು ಎಂದರೆ, ಇದು ಹೆರಬೇಡ ಎಂದಿತು. ಬಲವಂತದ ಶಸ್ತ್ರಚಿಕಿತ್ಸೆಗಳಿಗೆ ಜನ 1977ರ ಚುನಾವಣೆಯಲ್ಲಿ ಉತ್ತರ ಕೊಟ್ಟರು. ಎರಡು ಆಜ್ಞೆಗಳೂ ಕೇಳಬೇಕಾದವರನ್ನು ಕೇಳದೆಯೇ ಹೊರಟವು.

ಇದಕ್ಕೂ ಮೊದಲೇ, 1971ರ ಗರ್ಭಪಾತ ಕಾನೂನು ಒಂದು ಸೂಕ್ಷ್ಮವನ್ನು ಗುರುತಿಸಿತ್ತು: ಗೊತ್ತಾದ ನಿಬಂಧನೆಗಳೊಳಗೆ, ವಯಸ್ಕ ಸ್ತ್ರೀಯ ಒಪ್ಪಿಗೆಯೊಂದೇ ಸಾಕು, ಗಂಡನ ರುಜು ಬೇಕಿಲ್ಲ. ಕಾನೂನು ಅಷ್ಟು ದೂರ ನಡೆದಿದೆ. ಮದುವೆಯಾಗಿ ವರ್ಷ ತುಂಬುವ ಮೊದಲೇ ‘ಏನಾದರೂ ವಿಶೇಷವೇ?’ ಎಂದು ವಿಚಾರಿಸುವ ನಾವು ಎಷ್ಟು ದೂರ ನಡೆದಿದ್ದೇವೆ?